ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆ ಫಲಿತಾಂಶ ಬೆಲ್ಜಿಯಂನಲ್ಲಿ ಮೊದಲು ಯಾಕೆ?

ಫ್ರೆಂಚ್ ಟಿವಿ ರಾತ್ರಿ 8ರವರೆಗೆ ಬಾಯಿಬಿಡದ ಅಂಕಿ ಬೆಲ್ಜಿಯಂ, ಸ್ವಿಸ್ ಮಾಧ್ಯಮಗಳಲ್ಲಿ ಸಂಜೆಯೇ ಹೇಗೆ ಬರುತ್ತೆ, ನಂಬಬಹುದಾ ಅಂತ ಕೇಳಿದ್ದೀರಿ.

ಕೊನೆಯ ಮತಗಟ್ಟೆ ಮುಚ್ಚೋ ಮೊದಲು ಅಂದಾಜು ಪ್ರಕಟಿಸಿದರೆ ಫ್ರಾನ್ಸಿನಲ್ಲಿ 75,000 ಯೂರೋವರೆಗೆ ದಂಡ. ಗಡಿಯಾಚೆ ಆ ಕಾನೂನು ನಡೆಯಲ್ಲ. (2012ರಲ್ಲಿ ಟ್ವಿಟರ್‌ನಲ್ಲಿ ಅಭ್ಯರ್ಥಿ ಒಲಾಂಡ್‌ಗೆ, ಹೆಸರು ಹಾಲೆಂಡ್ ಥರ ಇದೆ ಅಂತ, ಅಲ್ಲಿನ ‘ಗೌಡಾ ಚೀಸ್’ ಅಂತ ಗುಪ್ತನಾಮ ಇಟ್ಟು ಅಂಕಿ ಹಂಚಿದ್ದರು!)

ನೀವು ನೋಡಬೇಕಾದ್ದು ಗಂಟೆ. ಹೆಚ್ಚಿನ ಕಡೆ ಮತದಾನ 7ಕ್ಕೆ ಮುಗಿಯುತ್ತೆ, ಪ್ಯಾರಿಸ್‌ನಂಥ ದೊಡ್ಡ ಊರುಗಳಲ್ಲಿ 8ಕ್ಕೆ. 7ಕ್ಕೆ ಮೊದಲು ಬಂದದ್ದು ಬರೀ ಸಮೀಕ್ಷೆ. 8ರ ಅಂದಾಜು ಆಯ್ದ ಮತಗಟ್ಟೆಗಳಲ್ಲಿ ನಿಜವಾಗಿ ಎಣಿಸಿದ ಚೀಟಿಗಳ ಲೆಕ್ಕ, ಅದು ಗಟ್ಟಿ.

ಆಮೇಲೆ ಗೃಹ ಸಚಿವಾಲಯದ ಮೊದಮೊದಲ ಅಂಕಿ ನೋಡಿ ಬಲಪಂಥೀಯ ನಾಯಕಿ ಲೆ ಪೆನ್ ಗೆದ್ದರು ಅಂದುಕೊಳ್ಳಬೇಡಿ. ಹಳ್ಳಿಗಳ ಎಣಿಕೆ ಬೇಗ ಮುಗಿಯುತ್ತೆ, ಆಕೆಗೆ ಬಲ ಇರೋದೂ ಅಲ್ಲೇ. 2022ರ ಅಂತಿಮ ಲೆಕ್ಕ: ಮ್ಯಾಕ್ರಾನ್ 58.55%, ಲೆ ಪೆನ್ 41.45%.