ಎಸಿ ಹಾಕಿದರೆ ಸದ್ದು ನಿಲ್ಲುತ್ತದೆ!

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ವ್ಯಾಗನ್ಆರ್. 82 ಸಾವಿರ ಕಿ.ಮೀ. ಓಡಿದೆ. ಈಚೆಗೆ ಬಾನೆಟ್ ಒಳಗಿಂದ ಗರಗರ ಸದ್ದು ಬರುತ್ತಿದೆ, ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ. ನಿಂತಲ್ಲೇ ಆಕ್ಸಲರೇಟರ್ ಒತ್ತಿದರೂ ಜೋರಾಗುತ್ತದೆ. ಕ್ಲಚ್ ಒತ್ತಿದರೆ ಏನೂ ಬದಲಾಗುವುದಿಲ್ಲ. ವಿಚಿತ್ರ ಎಂದರೆ, ಎಸಿ ಹಾಕಿದ ಕೂಡಲೇ ಸದ್ದು ನಿಂತುಹೋಗುತ್ತದೆ. ಗ್ಯಾರೇಜಿನವರು ಟೈಮಿಂಗ್ ಚೈನ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅನ್ನುತ್ತಾರೆ. ಮುಂದಿನ ವಾರ ಹೊನ್ನಾವರಕ್ಕೆ ಹೋಗುವುದಿದೆ. ಎಸಿ ಹಾಕಿಕೊಂಡೇ ಹೋಗಿಬರಲೇ?
– ಓದುಗರು, ಸಾಗರ

ಉತ್ತರ: ಸದ್ಯಕ್ಕೆ ಇಂಜಿನ್ ಬಿಚ್ಚಿಸಬೇಡಿ. ನೀವು ‘ವಿಚಿತ್ರ’ ಅಂತ ಬರೆದಿದ್ದೀರಲ್ಲ, ನನಗೆ ಬೇಕಾಗಿದ್ದೇ ಆ ಸಾಲು.

ಎಸಿ ಸ್ವಿಚ್‌ಗೂ ಟೈಮಿಂಗ್ ಚೈನಿಗೂ (ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ನೇರ ಸಂಬಂಧ ಇಲ್ಲ. ನಿಮ್ಮ ಗಾಡಿಯ ಕೆ-ಸೀರೀಸ್ ಇಂಜಿನ್‌ನಲ್ಲಿ ಚೈನ್ ಇರುವುದು ನಿಜ. ಆದರೆ ಚೈನ್ ಸಡಿಲವಾದರೆ ಸಾಮಾನ್ಯವಾಗಿ ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಕಟಕಟ ಅನ್ನುತ್ತದೆ. ಆಯಿಲ್ ಪ್ರೆಶರ್ ಏರಿದ ಮೇಲೆ ಕಡಿಮೆಯಾಗುತ್ತದೆ. ಎಸಿ ಹಾಕಿದರೆ ಸುಮ್ಮನಾಗುವ ಸದ್ದು ಅದಲ್ಲ.

ನನ್ನ ಅನುಮಾನ ಎಸಿ ಕಂಪ್ರೆಸರಿನ (ಎಸಿ ಗ್ಯಾಸನ್ನು ಒತ್ತುವ ಪಂಪಿನ) ಪುಲ್ಲಿ ಮೇಲೆ, ಅಂದರೆ ಬೆಲ್ಟ್ ಸುತ್ತುವ ಚಕ್ರದ ಮೇಲೆ. ಇಂಜಿನ್ ಓಡುವಷ್ಟು ಹೊತ್ತೂ ಬೆಲ್ಟ್ ಆ ಪುಲ್ಲಿಯನ್ನು ತಿರುಗಿಸುತ್ತಲೇ ಇರುತ್ತದೆ, ಎಸಿ ಆಫ್ ಇದ್ದರೂ ಸರಿ. ಆಗ ಪುಲ್ಲಿ ತನ್ನ ಬೇರಿಂಗ್ ಮೇಲೆ ಸುಮ್ನೆ ಸುತ್ತುತ್ತದೆ, ಕಂಪ್ರೆಸರ್ ನಿಂತಿರುತ್ತದೆ. ಎಸಿ ಹಾಕಿದಿರಿ ಅನ್ನಿ. ಒಳಗಿನ ಕಾಯಿಲ್‌ಗೆ ಕರೆಂಟ್ ಹೋಗಿ, ಅದು ಅಯಸ್ಕಾಂತವಾಗಿ ಮುಂದಿನ ಪ್ಲೇಟನ್ನು ಟಕ್ ಅಂತ ಪುಲ್ಲಿಗೆ ಎಳೆದು ಹಿಡಿಯುತ್ತದೆ. ಬೇರಿಂಗ್ ಸವೆದು ಪುಲ್ಲಿ ಅಲುಗಾಡುತ್ತಿದ್ದರೆ, ಈ ಹಿಡಿತಕ್ಕೆ ಅಲುಗಾಟ ಅಡಗಿ ಸದ್ದೂ ಅಡಗಬಹುದು. ಇನ್ನೊಂದು ಸಾಧ್ಯತೆಯೂ ಇದೆ. ಆ ಪ್ಲೇಟಿಗೂ ಪುಲ್ಲಿಗೂ ನಡುವೆ ಇರುವ ಗ್ಯಾಪ್ ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ಕೆಟ್ಟರೆ ಎಸಿ ಆಫ್ ಇದ್ದಾಗ ಎರಡೂ ಉಜ್ಜಿಕೊಳ್ಳುತ್ತವೆ, ಎಸಿ ಹಾಕಿದರೆ ಒಟ್ಟಿಗೆ ತಿರುಗುತ್ತವೆ.

ಹಾಗಾದರೆ ಎಸಿ ಹಾಕಿಕೊಂಡೇ ಓಡಿಸಬಹುದಲ್ವಾ ಅಂದರೆ, ಬೇಡ. ಸದ್ದು ನಿಂತರೂ ಬೇರಿಂಗ್ ತಿರುಗುತ್ತಲೇ ಇರುತ್ತದೆ, ಸವೆಯುತ್ತಲೂ ಇರುತ್ತದೆ. ಸಾಗರದ ಮಳೆಯಲ್ಲಿ ಎಸಿ ಹಾಕಿ ಸ್ವೆಟರ್ ತೊಟ್ಟು ಕೂತರೂ ಪ್ರಯೋಜನವಿಲ್ಲ. ಬೇರಿಂಗ್ ಪೂರ್ತಿ ಜಾಮ್ ಆದರೆ ಬೆಲ್ಟ್ ಸುಟ್ಟು ಹರಿಯುತ್ತದೆ. ಆ ಬೆಲ್ಟೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೋ ಇಂಜಿನ್ ತಣ್ಣಗಿಡುವ ವಾಟರ್ ಪಂಪನ್ನೋ ತಿರುಗಿಸುತ್ತಿದ್ದರೆ ಗಾಡಿ ಅಲ್ಲೇ ನಿಂತಿತು. ಗೇರುಸೊಪ್ಪೆ ಘಾಟಿಯ ತಿರುವಿನಲ್ಲಿ ಅದಾಗುವುದು ಬೇಡ. ಮೊದಲು ರಿಪೇರಿ, ಆಮೇಲೆ ಹೊನ್ನಾವರ.

ಗ್ಯಾರೇಜಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮನೆಯವರನ್ನು ಒಳಗೆ ಕೂರಿಸಿ ಎಸಿ ಹಾಕಿ ಆರಿಸಲು ಹೇಳಿ. ನೀವು ಬಾನೆಟ್ ತೆಗೆದು ಪಕ್ಕದಲ್ಲಿ ನಿಂತು ನೋಡಿ. ಪ್ಲೇಟ್ ಟಕ್ ಅಂದಾಗಲೇ ಸದ್ದು ನಿಂತು, ಬಿಟ್ಟಾಗಲೇ ಮತ್ತೆ ಶುರುವಾದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ. ನಾವು ಗ್ಯಾರೇಜಿನಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರ್ ಬಾಡಿಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಇಟ್ಟು ಕೇಳುತ್ತೇವೆ. ಆಲ್ಟರ್ನೇಟರ್ ಮೇಲಿಟ್ಟರೆ ಒಂದು ಸದ್ದು, ಇಲ್ಲಿ ಇನ್ನೊಂದು. ಆದರೆ ಇದನ್ನು ಮೆಕ್ಯಾನಿಕ್‌ಗೇ ಬಿಡಿ. ಪಂಚೆ, ಶಾಲು, ಸಡಿಲ ತೋಳು ಯಾವುದೂ ಬೆಲ್ಟಿನ ಹತ್ತಿರ ಹೋಗಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ, ಅದರಿಂದಲೂ ದೂರ ಇರಿ.

ಗ್ಯಾರೇಜಿನಲ್ಲಿ ‘ಇಂಜಿನ್ ನೋಡಿ’ ಅನ್ನಬೇಡಿ. ‘ಬೆಲ್ಟ್ ಕಳಚಿ, ಕಂಪ್ರೆಸರ್ ಪುಲ್ಲಿ ಕೈಯಲ್ಲಿ ತಿರುಗಿಸಿ ತೋರಿಸಿ’ ಅನ್ನಿ. ಮರಳು ಸಿಕ್ಕಿಕೊಂಡ ಹಾಗೆ ತೊಡಕಿದರೆ, ಅಥವಾ ಹಿಡಿದು ಅಲ್ಲಾಡಿಸಿದಾಗ ಆಡಿದರೆ, ಬೇರಿಂಗ್ ಹೋಗಿದೆ. ‘ಇಡೀ ಕಂಪ್ರೆಸರೇ ಬದಲಿಸಬೇಕು’ ಅಂದರೆ ಕಾರಣ ಕೇಳಿ. ಎಸಿ ತಣ್ಣಗೆ ಬೀಸುತ್ತಿದ್ದರೆ, ಗ್ಯಾಸ್ ಲೀಕ್ ಇಲ್ಲದಿದ್ದರೆ, ಸಾಮಾನ್ಯವಾಗಿ ಪುಲ್ಲಿ ಬೇರಿಂಗ್ ಮಾತ್ರ ಬದಲಿಸಿದರೆ ಸಾಕು. ಕೈ ಆಡಿಸಲು ಜಾಗ ಇದ್ದರೆ ಗ್ಯಾಸ್ ತೆಗೆಯುವ ಅಗತ್ಯವೂ ಬರುವುದಿಲ್ಲ. ಹಳೇ ಬೇರಿಂಗ್ ಮೇಲೆ ನಂಬರ್ ಕೆತ್ತಿರುತ್ತಾರೆ, ಅದನ್ನೇ ತೋರಿಸಿ ಒಳ್ಳೆಯ ಕಂಪನಿಯದ್ದು ಕೊಳ್ಳಿ. ಅಗ್ಗದ್ದು ಹಾಕಿಸಿದರೆ ಮತ್ತೆ ಪತ್ರ ಬರೆಯುತ್ತೀರಿ.

ಸದ್ದು ಮುಚ್ಚಲು ದಪ್ಪ ಆಯಿಲ್ ಹಾಕೋಣ ಅಂತ ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ. ಮ್ಯಾನ್ಯುಯಲ್‌ನಲ್ಲಿರುವ ಗ್ರೇಡೇ ಇರಲಿ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಕೀಂಯ್ ಅಂತ ಕಿರುಚುತ್ತದೆ, ಪಕ್ಕದ ಮನೆಯವರಿಗೂ ಎಚ್ಚರವಾಗುತ್ತದೆ. ಬೆಲ್ಟಿಗೆ ಸೋಪು ಉಜ್ಜಬಹುದೇ?
– ಓದುಗರು, ಮಡಿಕೇರಿ

ಉತ್ತರ: ಸೋಪೂ ಬೇಡ, ಪೌಡರೂ ಬೇಡ. ಸದ್ದು ಸ್ವಲ್ಪ ಹೊತ್ತು ಮುಚ್ಚುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಇಂಜಿನ್ ಓಡುವಾಗ ದೂರ ನಿಂತು, ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳಿರುವ ಬದಿಗೆ ಸ್ವಲ್ಪ ನೀರು ಹೊಡೆಯಿರಿ. ಕಿರುಚಾಟ ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ: ಸಡಿಲವಾಗಿದೆ ಅಥವಾ ಸವೆದಿದೆ. ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ಮೊದಲನೆಯದಾದರೆ ಟೈಟ್ ಮಾಡಿಸಿ ಅಥವಾ ಬೆಲ್ಟ್ ಬದಲಿಸಿ. ಎರಡನೆಯದಾದರೆ ಹೊಸ ಬೆಲ್ಟಿಗೆ ದುಡ್ಡು ಹಾಕುವ ಮುಂಚೆ ಪುಲ್ಲಿಗಳನ್ನು ನೋಡಿಸಿ, ಇಲ್ಲದಿದ್ದರೆ ಹೊಸದೂ ಅದೇ ರಾಗ ತೆಗೆಯುತ್ತದೆ.