ಮದುವೆಗಾಗಿ ತಪಾಸಣೆ ಮುಂದೆ ಹಾಕಬೇಡಿ

ಪ್ರಶ್ನೆ: ಅಕ್ಕಾರ, ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅತಿಥಿ ಶಿಕ್ಷಕಿ. ವಯಸ್ಸು 39. ಮೂರು ತಿಂಗಳಿಂದ ದಿನಕ್ಕೆ ಐದಾರು ಸಲ ಸಂಡಾಸಕ್ಕೆ ಹೋಗಬೇಕಾಗುತ್ತಿದೆ. ಆಮದ ಜೊತೆ ರಕ್ತ ಬೀಳುತ್ತದೆ. ನಡುರಾತ್ರಿಯೂ ಎದ್ದು ಓಡುತ್ತೇನೆ. ಐದು ಕಿಲೊ ಇಳಿದಿದ್ದೇನೆ, ಹಿಮೋಗ್ಲೋಬಿನ್ 8.6. ಮೊದಲು ಮೂಲವ್ಯಾಧಿ ಅಂದುಕೊಂಡು ಮುಲಾಮು ಹಚ್ಚಿದೆ. ಈಗ ಬಾಗಲಕೋಟೆಯ ಡಾಕ್ಟರು ರಕ್ತ ಹೆಚ್ಚಲು ಕಬ್ಬಿಣದ ಗುಳಿಗೆ ಕೊಟ್ಟು, ದೊಡ್ಡ ಕರುಳಿನೊಳಗೆ ದುರ್ಬೀನು ಹಾಕಿ ನೋಡುವ ಕೊಲೊನೋಸ್ಕೋಪಿಗೆ ತಾರೀಖು ಹಾಕಿದ್ದಾರೆ. ಅದಕ್ಕಿನ್ನೂ ಎರಡು ವಾರವಿದೆ. ಅದಾದ ಎರಡೇ ದಿನಕ್ಕೆ ಮೈದುನನ ಮದುವೆ. 'ಮದುವಿ ಮುಗಿಸಿ ತೋರಿಸಿದರಾತು' ಅಂತಾರೆ ಅತ್ತೆ. ರಕ್ತದ ವಿಷಯ ಗಂಡನಿಗೂ ಹೇಳಿಲ್ಲ. ನಮ್ಮ ಸೋದರಮಾವ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ರಾತ್ರಿಯೆಲ್ಲ ಮೊಬೈಲಿನಲ್ಲಿ ಅದನ್ನೇ ಓದುತ್ತೇನೆ. ಬಸ್ಸಿನಲ್ಲಿ ಫಜೀತಿ ಆಗಬಾರದೆಂದು ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ, ಭೇದಿ ನಿಲ್ಲುವ ಗುಳಿಗೆ ನುಂಗಿ ಹೋಗುತ್ತೇನೆ. ತಾರೀಖು ಮುಂದೆ ಹಾಕಲೇ?

ಉತ್ತರ: ಹಾಕಬೇಡಿ, ಟೀಚರ್. ಉಳಿದದ್ದೆಲ್ಲ ಆಮೇಲೆ ಮಾತಾಡೋಣ, ಇದೊಂದನ್ನು ಮೊದಲು ಗಟ್ಟಿಮಾಡಿಕೊಳ್ಳಿ.

ನಾನು ಡಾಕ್ಟರಲ್ಲ, ನಿಮಗೆ ಏನಾಗಿದೆ ಎಂದು ಹೇಳಲಾರೆ. ಆದರೆ ನಿಮ್ಮ ಡಾಕ್ಟರು ಸುಮ್ಮನೆ ತಪಾಸಣೆ ಬರೆದುಕೊಟ್ಟಿಲ್ಲ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ನಮ್ಮ ಕಡೆ ರಕ್ತ ಬಿತ್ತೆಂದರೆ 'ಮೂಲವ್ಯಾಧಿ', ಇಲ್ಲವಾದರೆ 'ಉಷ್ಣ ಆಗೇದ'. ಇವೆರಡರಾಚೆ ಯಾರೂ ಯೋಚಿಸುವುದಿಲ್ಲ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಸಂಡಾಸದ ಕೊನೆಗೆ ಕೆಂಪನೆಯ ರಕ್ತ ಬೇರೆಯಾಗಿ ಹನಿಯುತ್ತದೆ. ಆಮದಲ್ಲಿ ಬೆರೆತ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ತೂಕ ಇಳಿಯುವುದು, ಹಿಮೋಗ್ಲೋಬಿನ್ ಕುಸಿಯುವುದು, ಇವೆಲ್ಲ ಒಟ್ಟಿಗೆ ಬಂದಾಗ ಮುಲಾಮು ಹಚ್ಚಿಕೊಂಡು ಕೂರುವುದು ತರವಲ್ಲ. ಬರೀ ಟೆನ್ಶನ್ನಿನಿಂದ ಹೊಟ್ಟೆ ಕೆಡುವವರಿಗೂ ದಿನಕ್ಕೆ ನಾಲ್ಕು ಸಲ ಆಗಬಹುದು. ಆದರೆ ಅವರಿಗೆ ರಕ್ತ ಬೀಳುವುದಿಲ್ಲ, ನಡುರಾತ್ರಿ ಎದ್ದು ಓಡುವುದೂ ಸಾಮಾನ್ಯವಾಗಿ ಇರುವುದಿಲ್ಲ.

ಹಾಗೆಂದು ಮಾವನಿಗೆ ಬಂದದ್ದೇ ನಿಮಗೂ ಬಂದಿದೆ ಎಂದಲ್ಲ. ಇಂಥದೇ ಲಕ್ಷಣ ಅಮೀಬಾ ಸೋಂಕಿನಲ್ಲಿ ಬರುತ್ತದೆ. ದೊಡ್ಡ ಕರುಳಿನ ಉರಿಯೂತ, ಅಂದರೆ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಬರುತ್ತದೆ, ಕರುಳಿನ ಇನ್ನೊಂದು ಬಗೆಯ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲೂ ಬರುತ್ತದೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಅಪರೂಪವಲ್ಲ, ಅದು ಕ್ರೋನ್ಸ್‌ನಂತೆಯೇ ಕಂಡು ಅನುಭವಿ ವೈದ್ಯರನ್ನೂ ಗೊಂದಲಕ್ಕೆ ಹಾಕುತ್ತದೆ. ಕ್ಷಯಕ್ಕೆ ಆರು ತಿಂಗಳ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಕೊಲೈಟಿಸ್ ಇದ್ದರೂ ಗುಳಿಗೆ ತೆಗೆದುಕೊಂಡು ಕೆಲಸ, ಸಂಸಾರ ಮಾಡಿಕೊಂಡಿರುವವರು ಬಹಳ ಮಂದಿ. ಕ್ಯಾನ್ಸರ್ ಕೂಡ ಆ ಪಟ್ಟಿಯಲ್ಲಿದೆ, ಇಲ್ಲ ಎಂದು ಸುಳ್ಳು ಹೇಳಲಾರೆ. ಅದಿದ್ದರೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಯಾವ ದಾರಿ ಹಿಡಿದು ಯೋಚಿಸಿದರೂ ಮುಂದೂಡುವುದರಲ್ಲಿ ಲಾಭ ಕಾಣುವುದಿಲ್ಲ. ಒಂದು ಕೆಲಸ ಮಾಡಿ: ತವರಿಗೆ ಫೋನ್ ಹಚ್ಚಿ, ಮಾವನಿಗೆ ಎಷ್ಟನೇ ವಯಸ್ಸಿನಲ್ಲಿ ಕಾಯಿಲೆ ಗೊತ್ತಾಯಿತು, ನಿಮ್ಮ ತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಕರುಳಿನ ತೊಂದರೆ ಇದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮೊಬೈಲಿಗೆ ಈ ವಿವರದಿಂದ ಉಪಯೋಗವಿಲ್ಲ, ಡಾಕ್ಟರಿಗೆ ಇದೆ.

ಮೊಬೈಲನ್ನು ರಾತ್ರಿ ಒಂಬತ್ತರ ನಂತರ ಬೇರೆ ಖೋಲಿಯಲ್ಲಿ ಚಾರ್ಜಿಗೆ ಹಾಕಿ. ಹೆದರಿಕೆ ಮಿತಿ ಮೀರಿ ಎದೆ ಬಡಿದುಕೊಂಡರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್, ಕಾಸು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ದಿಗಿಲಾಗಿದ್ದು ಆ ಭೇದಿ ನಿಲ್ಲುವ ಗುಳಿಗೆಯ ಮಾತು ಓದಿದಾಗ. ರಕ್ತ ಬೀಳುತ್ತಿರುವಾಗ, ಕರುಳಿನೊಳಗೆ ಉರಿಯೂತವಿರಬಹುದಾದಾಗ, ಲೋಪೆರಮೈಡ್ ತರಹದ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ನುಂಗಬಾರದು. ಕರುಳಿನ ಚಲನೆ ನಿಂತು ಅದು ಉಬ್ಬಿಕೊಂಡು ಪ್ರಾಣಕ್ಕೇ ಕುತ್ತು ಬಂದ ಪ್ರಸಂಗಗಳಿವೆ. ನಡುನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಸ್‌ಸ್ಟ್ಯಾಂಡಿನ ಗೋಡೆಗೆ 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಮಾಯ' ಎಂದು ಬೋರ್ಡು ಬರೆಸಿದವರ ಕಡೆಯಂತೂ ತಿರುಗಿಯೂ ನೋಡಬೇಡಿ.

ಉಪವಾಸವನ್ನೂ ಬಿಡಿ. 8.6 ಇಟ್ಟುಕೊಂಡು ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆಯಲ್ಲಿ ಮಕ್ಕಳ ಮುಂದೆ ನಿಂತರೆ ಕಣ್ಣು ಕತ್ತಲೆ ಬಂದೀತು. ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ ಎನ್ನುವ ನಾಡು ನಮ್ಮದು, ಗೊತ್ತು. ಆದರೂ ಈ ಎರಡು ವಾರ ಮೆತ್ತನೆಯ ಅನ್ನ, ತಿಳಿಸಾರು, ಒಗ್ಗಿದರೆ ಮೊಸರು, ಬಾಳೆಹಣ್ಣು, ಬೇಯಿಸಿದ ತತ್ತಿ, ಇವನ್ನು ಸ್ವಲ್ಪಸ್ವಲ್ಪವೇ ನಾಲ್ಕೈದು ಸಲ ತಿನ್ನಿ. ಕೆಂಪು ಖಾರ, ಹಸಿ ಉಳ್ಳಾಗಡ್ಡಿ ಸದ್ಯಕ್ಕೆ ಬೇಡ. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಬಸ್ಸಿಗೆ ಹೊರಡುವ ಒಂದು ತಾಸು ಮೊದಲೇ ತಿಂದು ಮುಗಿಸಿ, ಬಾಗಿಲ ಹತ್ತಿರದ ಸೀಟು ಹಿಡಿಯಿರಿ, ಪ್ಯಾಡ್ ಇಟ್ಟುಕೊಳ್ಳಿ, ಚೀಲದಲ್ಲಿ ಒಂದು ಜೊತೆ ಬಟ್ಟೆ ಇರಲಿ. ಹೆಡ್‌ಮಾಸ್ತರರಿಗೆ 'ಹೊಟ್ಟೆಯ ತಪಾಸಣೆ ನಡೆದಿದೆ, ನಡುವೆ ಎದ್ದು ಹೋಗಬೇಕಾದೀತು' ಎಂದರೆ ಸಾಕು, ವಿವರ ಕೊಡಬೇಕಾಗಿಲ್ಲ.

ಈಗ ಮನೆಯ ಮಾತು. ಅತ್ತೆಯ ಮೇಲೆ ನಿಮಗೆ ಸಿಟ್ಟಿರಬಹುದು. ನನಗೇನೋ ಅವರ ತಪ್ಪು ಕಾಣಲಿಲ್ಲ. ಅವರಿಗೆ ಗೊತ್ತಿರುವುದು 'ಹೊಟ್ಟಿ ಸರಿ ಇಲ್ಲ' ಎಂಬಷ್ಟೇ. ಹೊಟ್ಟೆ ಸರಿ ಇಲ್ಲದವರಿಗೆ ಮದುವೆ ಮುಗಿಸಿ ಹೋಗು ಎಂದು ಯಾರಾದರೂ ಅನ್ನುತ್ತಾರೆ. ರಕ್ತ ಎಂಬ ಮಾತು ನಿಮ್ಮ ಬಾಯಿಂದ ಬರದಿದ್ದರೆ ಅವರಾದರೂ ಏನು ಮಾಡಿಯಾರು? ಸಂಡಾಸದ ಮಾತು ಆಡಲು ನಾಚಿಕೆ, ಹೆಂಗಸಾದರೆ ರಕ್ತ ಎಂದರೆ ಮುಟ್ಟು ಎಂದುಕೊಂಡು ಮಾತು ಅಲ್ಲಿಗೇ ನಿಲ್ಲುವುದು, ಇವೆರಡರ ನಡುವೆ ನೀವು ಮೂರು ತಿಂಗಳು ಒಬ್ಬರೇ ನುಂಗಿಕೊಂಡಿದ್ದೀರಿ.

ಮೊದಲು ಗಂಡನಿಗೆ ಹೇಳಿ. ಊಟದ ಹೊತ್ತು ಬೇಡ, ಅತ್ತೆಯ ಎದುರೂ ಬೇಡ. ಇಬ್ಬರೇ ಇದ್ದಾಗ ಸುತ್ತಿಬಳಸದೆ, 'ರೀ, ಮೂರು ತಿಂಗಳಿಂದ ಸಂಡಾಸದಾಗ ರಕ್ತ ಬೀಳಾಕತ್ತೈತಿ. ಮೂಲವ್ಯಾಧಿ ಅಲ್ಲ ಅಂತ ಕಾಣ್ತದ. ಡಾಕ್ಟರು ದುರ್ಬೀನ ಹಾಕಿ ನೋಡ್ತೀನಂದಾರ, ಅವತ್ತ ನೀವು ನನ್ನ ಕೂಡ ಬರಬೇಕು' ಎನ್ನಿ. ರಿಪೋರ್ಟುಗಳನ್ನು ಕೈಯಲ್ಲಿ ಕೊಡಿ. ಸೋದರಮಾವನ ಕಾಯಿಲೆಯ ಮಾತು, ನಿಮ್ಮ ಹೆದರಿಕೆ, ಅವೂ ಬರಲಿ. ಅತ್ತೆಗೆ ಅವರ ಮಗನೇ ಹೇಳಲಿ, ಮದುವೆ ಮನೆಯಲ್ಲಿ ಮಗನ ಮಾತಿಗೆ ತೂಕ ಜಾಸ್ತಿ. ಇದು ನ್ಯಾಯವಲ್ಲ, ಆದರೆ ಎರಡು ವಾರದಲ್ಲಿ ಅತ್ತೆಮನೆಯನ್ನು ತಿದ್ದಲು ಆಗದು.

ಇನ್ನು ಆ ತಪಾಸಣೆ. ಅದರಲ್ಲಿ ಕಷ್ಟದ ಭಾಗ ದುರ್ಬೀನು ಅಲ್ಲ, ಹಿಂದಿನ ದಿನದ್ದು. ಕೆಲವು ದಿನ ಮೊದಲಿಂದಲೇ ಶೇಂಗಾ, ಗುರೆಳ್ಳು, ಅಗಸಿ ಚಟ್ನಿ, ಕಾಳು, ಸೊಪ್ಪಿನ ಪಲ್ಯ ನಿಲ್ಲಿಸಲು ಹೇಳುತ್ತಾರೆ, ಬೀಜ ನಾರು ಕರುಳಿಗೆ ಅಂಟಿ ಕಾಣಿಸುವುದಕ್ಕೆ ಅಡ್ಡಿ. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ, ಬೀಟ್‌ರೂಟ್‌ನಂಥ ಕೆಂಪು ಬಣ್ಣದ್ದು ಬೇಡ. ಆಮೇಲೆ ಔಷಧಿ ಬೆರೆಸಿದ ನೀರನ್ನು ಲೀಟರುಗಟ್ಟಲೆ ಕುಡಿದು ಕರುಳು ತೊಳೆಯಬೇಕು. ಅದನ್ನು ಬಹಳ ಕಡೆ ಎರಡು ಕಂತಾಗಿ ಕೊಡುತ್ತಾರೆ, ಎರಡನೆಯದು ತಪಾಸಣೆಯ ದಿನ ಬೆಳಗಿನ ಜಾವ. ಅದನ್ನು ಕುಡಿದು ಮುಧೋಳದಿಂದ ಬಸ್ಸು ಹತ್ತುವ ಮಾತೇ ಬೇಡ, ಹಿಂದಿನ ದಿನವೇ ಬಾಗಲಕೋಟೆಯಲ್ಲಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದುಕೊಳ್ಳಿ. ತಪಾಸಣೆ ಸುಮಾರು ಅರ್ಧ ಗಂಟೆಯದು, ಮಂಪರು ಬರಿಸುತ್ತಾರೆ. ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರೂ ಆ ಚಿವುಟು ತಿಳಿಯುವುದಿಲ್ಲ. ಅವತ್ತು ಗಾಡಿ ಹೊಡೆಯುವಂತಿಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು. ಎರಡು ದಿನದ ಮೇಲಿನ ಮದುವೆಗೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ, ಓಡಾಟ ಮಾತ್ರ ಬೇರೆಯವರಿಗೆ ಬಿಡಿ. ಬಯಾಪ್ಸಿ ರಿಪೋರ್ಟಿಗೆ ಸುಮಾರು ಒಂದು ವಾರ ಹಿಡಿಯುತ್ತದೆ, ಅದು ಬರುವುದೇ ಮದುವೆಯ ನಂತರ.

ಈ ನಡುವೆ ರಕ್ತ ಗಡ್ಡೆಗಡ್ಡೆಯಾಗಿ ಬಿದ್ದರೆ, ತಲೆಸುತ್ತಿ ಬಿದ್ದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿ ತಡೆಯಲಾರದ ನೋವು ಬಂದರೆ, ವಾಂತಿಯಾಗಿ ಗಾಳಿಯೂ ಹೋಗದಿದ್ದರೆ ತಾರೀಖಿಗೆ ಕಾಯದೆ ದವಾಖಾನೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಕಬ್ಬಿಣದ ಗುಳಿಗೆಯಿಂದ ಸಂಡಾಸ ಕಪ್ಪಗಾಗುವುದು ಸಹಜ, ಅದಕ್ಕೆ ಹೆದರಬೇಡಿ. ಆದರೆ ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ ಅದು ಬೇರೆ, ಕೂಡಲೇ ತೋರಿಸಿ. ಖರ್ಚಿನ ಚಿಂತೆಯನ್ನು ನೀವು ಬರೆದಿಲ್ಲ, ಆದರೂ ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ, ಕಾರ್ಡು ಹುಡುಕಿ ಇಟ್ಟುಕೊಳ್ಳಿ.

ನಾಳೆ ಶಾಲೆಯ ಬಿಡುವಿನಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಒಂದು ಫೋನ್ ಮಾಡಿ. ಭೇದಿಯ ಗುಳಿಗೆ ನುಂಗುತ್ತಿದ್ದುದನ್ನು ಹೇಳಿ. ಕಬ್ಬಿಣದ ಗುಳಿಗೆ ಯಾವತ್ತಿನಿಂದ ನಿಲ್ಲಿಸಬೇಕೆಂದು ಕೇಳಿ, ಬಹಳ ಕಡೆ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಕೊನೆಗೆ, 'ಯಾರದಾದರೂ ತಾರೀಖು ರದ್ದಾದರೆ ನನ್ನನ್ನು ಮೊದಲು ಕರೀತೀರೇನ್ರಿ?' ಎಂದು ಕೇಳಿ ನಂಬರು ಬರೆಸಿ. ಬೇಗ ಸಿಕ್ಕರೆ ಅತ್ತೆಯ ತಕರಾರೂ ಉಳಿಯುವುದಿಲ್ಲ.