ಅಳತೆ ಸರಿ, ಜಾಗ ತಪ್ಪು: ಮೊಳಕಾಲ್ಮುರಿನಿಂದ ಒಂದು ಉತ್ತರ

ಅಳತೆಯ ಉಪಕರಣವನ್ನು ನಡೆಸುವ ಕೈಯಂತ್ರದ (ಕಂಟ್ರೋಲರ್) ಪರದೆಯ ಮೇಲೆ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆ ಕಂಡರೂ ಮೊಳಕಾಲ್ಮುರು ಕಡೆಯ ಭೂಮಾಪಕರು ವಾರಗಟ್ಟಲೆ ಅದನ್ನು ಮುಟ್ಟದೆ ಬಿಡುವುದೇಕೆ, ಹಾಕಿಕೊಂಡ ಮೇಲೂ ಮೊದಲ ದಿನ ಯಾವ ಕೆಲಸವನ್ನೂ ಹಿಡಿಯದೆ ಊರಾಚೆಯ ಹಳೆಯ ಗಡಿಗುರುತಿನ ಬಾಂದು ಕಲ್ಲೊಂದರ ಹತ್ತಿರ ಹೋಗಿ ನಿಲ್ಲುವುದೇಕೆ ಎಂದು ತಾವು ಕೇಳಿದ್ದೀರಿ. ಬೆಂಗಳೂರಿನಲ್ಲಿ ನಿವೇಶನಗಳನ್ನು ಅಳೆಯುವ ತಮಗೆ ಇದು ಹೊಸದಕ್ಕೆ ಅಂಜುವವರ ನಡವಳಿಕೆಯಂತೆ ಕಂಡಿರಬಹುದು. ನಮ್ಮ ಹೊಲಗಳು ಹೇಗಿವೆ, ಅವುಗಳ ಲೆಕ್ಕ ಹೇಗಿದೆ ಎಂಬುದನ್ನು ಹೇಳಿದರೆ ಇದಕ್ಕೆ ಕಾರಣ ತಿಳಿಯುತ್ತದೆ ಎಂದುಕೊಂಡು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿದೆ. ಬಳ್ಳಾರಿ ಸೀಮೆ ಒಂದು ಕಡೆಗಾದರೆ ಆಂಧ್ರದ ರಾಯದುರ್ಗ ಇನ್ನೊಂದು ಕಡೆಗೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳು ಇಲ್ಲಿ ಸಾಮಾನ್ಯ. ಹೆಣ್ಣು ಕೊಟ್ಟು ತಂದ ನಂಟಿನಿಂದಾಗಿ ಗಡಿಯ ಎರಡೂ ಕಡೆ ಹೊಲ ಉಳ್ಳವರೂ ಇದ್ದಾರೆ. ಒಂದೇ ಬದುವಿನ ಈಚೆಗೆ ನಿಂತ ರೈತ ತನ್ನ ಹೊಲವನ್ನು ಎಕರೆ ಗುಂಟೆಯಲ್ಲಿ ಹೇಳುತ್ತಾನೆ, ಆಚೆಗೆ ನಿಂತವನು ಎಕರೆ ಸೆಂಟಿನಲ್ಲಿ ಹೇಳುತ್ತಾನೆ. ಎಕರೆ ಎರಡೂ ಕಡೆ ಒಂದೇ. ನಮ್ಮಲ್ಲಿ ಅದಕ್ಕೆ 40 ಗುಂಟೆ, ಗುಂಟೆಗೆ 16 ಆಣೆ. ಅವರಲ್ಲಿ ಎಕರೆಗೆ 100 ಸೆಂಟು. ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರ ಅಡಿ. ಸೆಂಟು ಎಂದರೆ 435.6 ಚದರ ಅಡಿ. ಆದ್ದರಿಂದ ಒಂದು ಗುಂಟೆಗೆ ಎರಡೂವರೆ ಸೆಂಟು ಎಂಬುದು ಇಲ್ಲಿನ ಹುಡುಗರಿಗೂ ಬಾಯಿಪಾಠ. ದಾಖಲೆಗಳ ಹೆಸರೂ ಬೇರೆ. ನಾವು ಪಹಣಿ, ಆಕಾರ್‌ಬಂದ್, ಟಿಪ್ಪಣಿ, 11ಇ ನಕ್ಷೆ ಎನ್ನುವಲ್ಲಿ ಅವರು ಅಡಂಗಲ್, ಎಫ್‌ಎಂಬಿ ಎನ್ನುತ್ತಾರೆ, ಮತ್ತು 2020ರ ಡಿಸೆಂಬರ್‌ನಲ್ಲಿ ಅಲ್ಲಿ ಡ್ರೋನ್ ಮತ್ತು ರೋವರ್ (ಉಪಗ್ರಹ ಸಂಕೇತದಿಂದ ಜಾಗ ಅಳೆಯುವ ಉಪಕರಣ) ಬಳಸಿ ಮರುಮೋಜಣಿ ಆರಂಭವಾದ ಮೇಲೆ, ಅದು ಮುಗಿದ ಊರುಗಳಲ್ಲಿ ಹಳೆಯ ಸರ್ವೆ ನಂಬರಿನ ಜಾಗಕ್ಕೆ ಎಲ್‌ಪಿಎಂ (ಜಮೀನು ತುಂಡಿನ ನಕ್ಷೆಯ) ನಂಬರು ಬಂದಿದೆ.

ಈ ಎರಡು ಲೆಕ್ಕಗಳ ನಡುವೆ ಒಂದು ಚುಕ್ಕಿ ಎಷ್ಟು ಕೆಡುಕು ಮಾಡಬಲ್ಲದು ಎಂಬುದನ್ನು ನೋಡಿ. ನಮ್ಮವರು 2 ಎಕರೆ 17 ಗುಂಟೆಯನ್ನು 2.17 ಎಂದು ಬರೆದುಕೊಳ್ಳುವುದುಂಟು. ಗಡಿಯಾಚೆಯವರು ಅದನ್ನು 2 ಎಕರೆ 17 ಸೆಂಟು ಎಂದು ಓದುತ್ತಾರೆ. ನಿಜವಾಗಿ ಅದು 2 ಎಕರೆ 42½ ಸೆಂಟು. ಓದಿನಲ್ಲಿಯೇ ಹತ್ತು ಗುಂಟೆಗೂ ಹೆಚ್ಚು ನೆಲ ಮಾಯವಾಗುತ್ತದೆ. ನಾನು ಬಳಸುವ ತಂತ್ರಾಂಶವು ಹಿಂದೊಮ್ಮೆ ಹೊಸ ಆವೃತ್ತಿಗೆ ಏರಿದಾಗ, ಕ್ಷೇತ್ರಫಲವನ್ನು ತೋರಿಸುವಲ್ಲಿ ನಾನು ಕೂರಿಸಿಕೊಂಡಿದ್ದ ಗುಂಟೆಯ ಲೆಕ್ಕ ಹೋಗಿ ದಶಮಾಂಶದ ಎಕರೆ ಬಂದು ಕುಳಿತಿತ್ತು. ಅಣ್ಣತಮ್ಮಂದಿರ ಪಾಲಿನ ಅಳತೆಯಲ್ಲಿ ತಮ್ಮನ ತುಂಡು ಪರದೆಯ ಮೇಲೆ 1.25 ಎಂದು ಬಂತು. ಪಕ್ಕದಲ್ಲಿ ನಿಂತು ಇಣುಕಿದ ಅಣ್ಣ ಅದನ್ನು ಒಂದು ಎಕರೆ ಇಪ್ಪತ್ತೈದು ಗುಂಟೆ ಎಂದು ಓದಿಕೊಂಡರು. ಅದು ಒಂದು ಎಕರೆ ಹತ್ತು ಗುಂಟೆ. ಹದಿನೈದು ಗುಂಟೆಯ ಆ ತಪ್ಪು ಓದು ತಿದ್ದುವಷ್ಟರಲ್ಲಿ ಬದುವಿನ ಮೇಲೆ ಮಾತು ಮಾತಿಗೆ ಹತ್ತಿಕೊಂಡಿತ್ತು, ಮತ್ತು ಅವರ ತಾಯಿ ಬೇವಿನ ಮರದ ಕೆಳಗೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಕುಳಿತು ತಂತ್ರಾಂಶವನ್ನು ನೋಡುವವರಿಗೆ ಇದು ಒಂದು ಸಣ್ಣ ಸೆಟ್ಟಿಂಗ್.

ಆದರೆ ಕಾಯುವುದನ್ನು ನನಗೆ ಕಲಿಸಿದ್ದು ಇದಕ್ಕಿಂತ ದೊಡ್ಡ ಪ್ರಸಂಗ. ಅದನ್ನು ಹೇಳುವ ಮುಂಚೆ ನಾವು ಅಡಿಯನ್ನು ಬಿಡದೆ ಹಿಡಿದುಕೊಂಡದ್ದೇಕೆ ಎಂಬುದನ್ನು ತಿಳಿಸಬೇಕು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಆರಂಭವಾದದ್ದು 1863ರಲ್ಲಿ. ಆ ಪದ್ಧತಿಯ ಸರಪಳಿ 33 ಅಡಿಯದು. ಒಂದು ಚದರ ಸರಪಳಿಗೆ ಒಂದು ಗುಂಟೆ. ಹಳೆಯ ಟಿಪ್ಪಣಿಯ, ಅಂದರೆ ಮೋಜಣಿಯ ಅಳತೆ ದಾಖಲೆಯ, ಉದ್ದಗಳು ಇಂದಿಗೂ ಸರಪಳಿ ಮತ್ತು ಆಣೆಗಳಲ್ಲಿಯೇ (ಸರಪಳಿಯ ಹದಿನಾರನೆಯ ಪಾಲು) ಇವೆ, ಹೊಲದಲ್ಲಿ ನಿಂತ ರೈತ ಕೇಳುವುದೂ ಅಡಿಯಲ್ಲಿಯೇ. ಹೀಗಾಗಿ ನಾನು ರೋವರ್ ಕೊಂಡ ಮೇಲೂ ಕಂಟ್ರೋಲರ್‌ನಲ್ಲಿ ಅಡಿಯನ್ನೇ ಇಟ್ಟುಕೊಂಡಿದ್ದೆ, ನಿರ್ದೇಶಾಂಕಗಳ ಕಡತವನ್ನೂ ಅಡಿಯಲ್ಲಿಯೇ ಹೊರತೆಗೆದು ದಾವಣಗೆರೆಯಲ್ಲಿರುವ ನಕ್ಷೆ ಬರೆಯುವ ಗೆಳೆಯರಿಗೆ ಕಳುಹಿಸುತ್ತಿದ್ದೆ.

ಆ ಪ್ರಸಂಗ ನಡೆದ ಹೊಲದ ಪೂರ್ವದ ಬದುವೇ ರಾಜ್ಯದ ಗಡಿ. ಮೂವರು ಅಣ್ಣತಮ್ಮಂದಿರ ಪಾಲು. ಶೇಂಗಾ ಕಿತ್ತು ಹೊಲ ಬಯಲಾದ ಮೇಲೆ, ಬಾಜುದಾರರನ್ನೆಲ್ಲ (ಪಕ್ಕದ ಹೊಲದವರನ್ನು) ಕರೆಸಿ, ಇದ್ದ ಕಲ್ಲುಗಳನ್ನೂ ಬದುಗಳನ್ನೂ ಅಳೆದುಕೊಂಡು ಬಂದೆ. ನಕ್ಷೆ ಸಿದ್ಧವಾಗಿ ಪಾಲಿನ ಗೆರೆಗಳು ಬೀಳುವುದಕ್ಕೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನಗಳ ನಡುವೆ ಒಂದು ರಾತ್ರಿ ನಾನು ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಂಡೆ. ಮತ್ತೆ ಹೊಲಕ್ಕೆ ಹೋಗಿ ಪಾಲಿನ ಕಲ್ಲು ನೆಡಲು ಜಾಗ ಗುರುತಿಸತೊಡಗಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ರೋವರ್ ಫಿಕ್ಸ್‌ನಲ್ಲಿಯೇ (ಜಾಗ ನಿಖರವಾಗಿ ಸಿಕ್ಕ ಸ್ಥಿತಿಯಲ್ಲಿ) ಇತ್ತು, ಪರದೆಯ ಮೇಲೆ ನಿಖರತೆ ಎರಡು ಸೆಂಟಿಮೀಟರ್ ಎಂದೇ ತೋರಿಸುತ್ತಿತ್ತು. ಗುರುತು ಮಾಡಿದ ಎರಡು ಗೂಟಗಳ ನಡುವೆ ಟೇಪು ಹಿಡಿದರೆ ನಕ್ಷೆಯ ಅಡಿಗೂ ನೆಲದ ಅಡಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಗ ಗಡಿಯಾಚೆಯ ಹೊಲದ ಯಜಮಾನರು ಬದು ದಾಟಿ ಬಂದು, ತಮ್ಮ ಕಡೆ ಬಿದ್ದಿದ್ದ ಗೂಟವನ್ನು ಕಾಲಿನಿಂದ ತೋರಿಸಿ, “ನಲವತ್ತು ವರ್ಷದಿಂದ ಈ ಬದ ಇಲ್ಲೇ ಐತೆ ಸಾಮಿ. ಇವತ್ತು ನಾಲ್ಕಡಿ ಈ ಕಡೆ ಬಂತು ಅಂದ್ರೆ ನಾನು ಯಾರನ್ನ ಕೇಳ್ಲಿ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ಆ ದಿಗಿಲು ನನಗೆ ಇಂದಿಗೂ ನೆನಪಿದೆ.

ಕೂಡಲೇ ಹತ್ತು ದಿನದ ಹಿಂದೆ ಅಳೆದುಕೊಂಡಿದ್ದ ಬಾಂದು ಕಲ್ಲಿನ ತಲೆಯ ಮೇಲೆ ರೋವರಿನ ಕಂಬ ಇಟ್ಟು ನೋಡಿದೆ. ಕಡತದಲ್ಲಿದ್ದ ಅದೇ ಕಲ್ಲಿನ ಬಿಂದುವು ಉತ್ತರಕ್ಕೆ ಹತ್ತೂವರೆ ಅಡಿಗೂ ಹೆಚ್ಚು, ಪೂರ್ವಕ್ಕೆ ನಾಲ್ಕೂವರೆ ಅಡಿ ಸರಿದು ಹೋಗಿತ್ತು. ಎಲ್ಲ ಬಿಂದುಗಳೂ ಒಟ್ಟಾಗಿ ಅಷ್ಟೇ ಸರಿದಿದ್ದರಿಂದ ಉದ್ದ, ಅಗಲ, ಕ್ಷೇತ್ರಫಲ ಎಲ್ಲವೂ ಸರಿಯಿದ್ದು, ಇಡೀ ಹೊಲ ಮಾತ್ರ ಎದ್ದು ಪಕ್ಕಕ್ಕೆ ಕುಳಿತಂತಾಗಿತ್ತು. ಮೊದಲು ಕೋರ್ಸ್ ಕೇಂದ್ರದಿಂದ (ಒಂದೇ ಜಾಗದಲ್ಲಿ ನಿಂತು ರೋವರಿನ ಅಳತೆಯನ್ನು ತಿದ್ದುವ ಕೇಂದ್ರ) ಬರುವ ತಿದ್ದುಪಡಿಯ ಮೇಲೆ ಸಂಶಯಪಟ್ಟೆ, ಆಮೇಲೆ ಆಂಟೆನಾದ ಮೇಲೆ. ಉಪಕರಣ ಮಾರಿದವರಿಗೆ ಫೋನ್ ಮಾಡಿದರೆ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿ ಎಂದರು. ಬಾಜುದಾರರ ಎದುರಿನಲ್ಲಿಯೇ ಗೂಟಗಳನ್ನೆಲ್ಲ ಕಿತ್ತುಹಾಕಿಸಿ, ಕೆಲಸ ನಿಲ್ಲಿಸಿ ಮನೆಗೆ ಬಂದೆ.

ಕಾರಣ ಸಿಕ್ಕಿದ್ದು ಆ ರಾತ್ರಿ. ಅಡಿ ಎಂಬುದು ಒಂದೇ ಅಲ್ಲ. ಅಂತರರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್. ಅಮೆರಿಕದವರು ಮೋಜಣಿಗೆಂದೇ ಇಟ್ಟುಕೊಂಡಿದ್ದ ಅಡಿಯೊಂದಿತ್ತು. ಅದು ಒಂದು ಮೀಟರಿನ 3937ರಲ್ಲಿ 1200 ಪಾಲು, ಅಂದರೆ ಹತ್ತು ಲಕ್ಷ ಅಡಿಗೆ ಎರಡು ಅಡಿಯಷ್ಟು ಮಾತ್ರ ದೊಡ್ಡದು. ಅವರೇ 2022ರ ಕೊನೆಗೆ ಅದನ್ನು ಕೈಬಿಟ್ಟರೂ ಹಳೆಯ ಕೆಲಸಗಳಿಗಾಗಿ ಅದು ತಂತ್ರಾಂಶಗಳ ಪಟ್ಟಿಯಲ್ಲಿ ಉಳಿದುಕೊಂಡಿದೆ. ಹೊಸ ಆವೃತ್ತಿಯು ನನ್ನ ಹಳೆಯ ಆಯ್ಕೆಯನ್ನು ಅಳಿಸಿ, ಕಡತವನ್ನು ಆ ಅಡಿಯೆಂದು ಓದಿತ್ತು. 33 ಅಡಿಯ ಸರಪಳಿಯಲ್ಲಿ ಈ ವ್ಯತ್ಯಾಸವನ್ನು ಯಾವ ಕಣ್ಣೂ ಕಾಣಲಾರದು. ಆದರೆ ಭೂಮಿಯನ್ನು ವಲಯಗಳಾಗಿ ಹಂಚಿ ನಿರ್ದೇಶಾಂಕ ಕೊಡುವ ಯುಟಿಎಂ ಪದ್ಧತಿಯಲ್ಲಿ ಉತ್ತರದ ಅಳತೆ ಶುರುವಾಗುವುದು ಭೂಮಧ್ಯರೇಖೆಯಿಂದ. ಅಲ್ಲಿಂದ ಮೊಳಕಾಲ್ಮುರಿಗೆ 53 ಲಕ್ಷ ಅಡಿಗೂ ಹೆಚ್ಚು. ಹತ್ತು ಲಕ್ಷಕ್ಕೆ ಎರಡು ಅಡಿಯಂತೆ ಲೆಕ್ಕ ಹಾಕಿದರೆ ಹತ್ತೂವರೆ ಅಡಿ ದಾಟುತ್ತದೆ. ಪೂರ್ವದ ಅಂಕಿ ಸುಮಾರು 22 ಲಕ್ಷ 60 ಸಾವಿರ ಅಡಿ. ಅದಕ್ಕೆ ನಾಲ್ಕೂವರೆ ಅಡಿ. ಕಲ್ಲಿನ ಮೇಲೆ ಕಂಡ ಅಂಕಿಗೂ ಕಾಗದದ ಮೇಲಿನ ಲೆಕ್ಕಕ್ಕೂ ತಾಳೆಯಾದಾಗ ರಾತ್ರಿ ಹನ್ನೊಂದು ಗಂಟೆ. ಮಾರನೆಯ ದಿನ ಬೆಳಿಗ್ಗೆಯೇ ಆ ಯಜಮಾನರ ಮನೆಗೆ ಹೋಗಿ, ಅವರ ಬದುವು ಎಲ್ಲಿತ್ತೋ ಅಲ್ಲಿಯೇ ಇದೆ ಎಂದು ಹೇಳಿ ಬಂದೆ.

ಅಂದಿನಿಂದ ನನ್ನ ಕಂಟ್ರೋಲರ್‌ನಲ್ಲಿ ಮೀಟರ್ ಬಿಟ್ಟು ಬೇರೆ ಮಾನವಿಲ್ಲ. ಅಡಿ ಮತ್ತು ಗುಂಟೆ ಬರುವುದು ಕೊನೆಗೆ, ಕಾಗದದ ಮೇಲೆ, ರೈತರಿಗೆ ಓದಿ ಹೇಳುವಾಗ ಮಾತ್ರ.

ಇನ್ನೊಂದು ಸಂಗತಿ ದಾವಣಗೆರೆಯ ಗೆಳೆಯರಿಂದ ತಿಳಿದದ್ದು. ಭೂಮಿಯ ಉಬ್ಬನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಉದ್ದದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಲೇಬೇಕು, ಮತ್ತು ಯುಟಿಎಂನಲ್ಲಿ ಆ ಹೆಚ್ಚುಕಡಿಮೆ ಊರಿನಿಂದ ಊರಿಗೆ ಬದಲಾಗುತ್ತದೆ. ನಾವಿಬ್ಬರೂ 43ನೇ ವಲಯದಲ್ಲಿಯೇ ಇದ್ದೇವೆ. ಅದರ ನಡುಗೆರೆ 75 ಡಿಗ್ರಿ ರೇಖಾಂಶ. ಮೊಳಕಾಲ್ಮುರು ಆ ಗೆರೆಯಿಂದ ಸುಮಾರು 190 ಕಿಲೋಮೀಟರ್ ದೂರವಿರುವುದರಿಂದ ಇಲ್ಲಿ ಕಾಗದದ ಉದ್ದವೂ ನೆಲದ ಉದ್ದವೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ದಾವಣಗೆರೆ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಒಂದು ಕಿಲೋಮೀಟರಿಗೆ 28 ಸೆಂಟಿಮೀಟರಿನಷ್ಟು ಕಾಗದದಲ್ಲಿ ಕಡಿಮೆ ಬೀಳುತ್ತದೆ, ಸಮುದ್ರಮಟ್ಟದಿಂದ ಇರುವ ಎತ್ತರದ ಲೆಕ್ಕ ಅದಕ್ಕೆ ಬೇರೆ ಸೇರುತ್ತದೆ. ನೆಲದ ಉದ್ದ ಬೇಕೋ ಕಾಗದದ ಉದ್ದ ಬೇಕೋ ಎಂದು ಆರಿಸುವ ಗುಂಡಿ ತಂತ್ರಾಂಶದಲ್ಲಿದೆ. ಹೊಸ ಆವೃತ್ತಿಯ ನಂತರ ಅದು ತಾನಾಗಿ ಬದಲಾದರೆ ನಾನು ಇಲ್ಲಿ ವರ್ಷಗಟ್ಟಲೆ ಗಮನಿಸದೆ ಇರಬಹುದು, ಅವರಿಗೆ ಭದ್ರಾ ನಾಲೆಯ ಉದ್ದಕ್ಕೂ ಅಳೆಯುವಾಗ ಮೊದಲ ದಿನವೇ ತೊಡಕಾಗುತ್ತದೆ. ಒಂದು ಊರಿನ ಭೂಮಾಪಕ “ಹೊಸ ಆವೃತ್ತಿ ಚೆನ್ನಾಗಿದೆ, ಹಾಕಿಕೊಳ್ಳಿ” ಎಂದ ಮಾತ್ರಕ್ಕೆ ಇನ್ನೊಂದು ಊರಿನವನು ಒಪ್ಪುವಂತಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಹೊಸ ಆವೃತ್ತಿಗಳಿಂದ ಆದ ಉಪಕಾರವನ್ನೂ ಮುಚ್ಚಿಡಲಾರೆ. ಮುಂಚೆ ಹಿಸ್ಸಾದಾರರ ಹೆಸರನ್ನು ಕನ್ನಡದಲ್ಲಿ ಬರೆದರೆ ಹೊರತೆಗೆದ ಕಡತದಲ್ಲಿ ಬರೀ ಪ್ರಶ್ನೆಚಿಹ್ನೆಗಳು ಬರುತ್ತಿದ್ದವು. ಈಗ ಯುನಿಕೋಡ್ ಹೆಸರುಗಳು ಬರೆದಂತೆಯೇ ಬರುತ್ತವೆ. ಇಲ್ಲಿನ ಬಂಡೆಗುಡ್ಡಗಳ ಮರೆಯಲ್ಲಿ ಮೊಬೈಲ್ ಸಿಗ್ನಲ್ ಕಡಿದು ಹೋದಾಗ ತಿದ್ದುಪಡಿಯ ಸಂಪರ್ಕವನ್ನು ನಾವೇ ಮತ್ತೆ ಜೋಡಿಸಬೇಕಾಗಿತ್ತು, ಈಗ ಅದು ತಾನೇ ಜೋಡಿಸಿಕೊಳ್ಳುತ್ತದೆ. ಕಂಬವನ್ನು ಓರೆಯಾಗಿ ಹಿಡಿದರೂ ತುದಿಯ ಜಾಗವನ್ನು ಲೆಕ್ಕ ಹಾಕುವ ಸೌಲಭ್ಯದಿಂದ, ಜಾಲಿಮುಳ್ಳಿನ ಪೊದೆಯೊಳಗೆ ಸೇರಿಹೋದ ಕಲ್ಲನ್ನು ಅಳೆಯುವುದು ಎಷ್ಟೋ ಸುಲಭವಾಗಿದೆ. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಕಂಬ ನೆಟ್ಟಗಿರುವಾಗ ಅದರ ಎತ್ತರವನ್ನು ತಪ್ಪಾಗಿ ಕೊಟ್ಟರೆ ಮಟ್ಟ ಮಾತ್ರ ಕೆಡುತ್ತದೆ. ಓರೆ ಹಿಡಿದಾಗ ಅದೇ ತಪ್ಪು ಜಾಗವನ್ನೂ ಕೆಡಿಸುತ್ತದೆ. ಆವೃತ್ತಿ ಬದಲಾದ ಮೇಲೆ 2 ಮೀಟರ್ ಇದ್ದದ್ದು 1.8 ಆಗಿ ನಿಂತಿದೆಯೇ ಎಂದು ನೋಡದೆ ನಾನು ಕಂಬ ಎತ್ತುವುದಿಲ್ಲ.

ತಾವು ಕೇಳಿದ ಕಲ್ಲಿನ ವಿಷಯ ಇನ್ನು ಸುಲಭವಾಗಿ ತಿಳಿಯುತ್ತದೆ. ಊರಿನ ಎರಡು ದಿಕ್ಕಿನಲ್ಲಿ, ಅಲುಗದ ಎರಡು ಹಳೆಯ ಕಲ್ಲುಗಳನ್ನು ಆರಿಸಿಕೊಂಡು, ಅವುಗಳ ನಿರ್ದೇಶಾಂಕವನ್ನು ಹಲವು ದಿನ, ಹಲವು ಹೊತ್ತಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದಿಟ್ಟಿದ್ದೇನೆ. ಒಂದೇ ಕಲ್ಲಾದರೆ ಜಾಗ ಸರಿದದ್ದು ತಿಳಿಯುತ್ತದೆ, ಉದ್ದ ಹಿಗ್ಗಿದ್ದು ಕುಗ್ಗಿದ್ದು ತಿಳಿಯುವುದಿಲ್ಲ. ಅದಕ್ಕಾಗಿ ಎರಡು ಬೇಕು. ಹಿಡಿದ ಕೆಲಸದ ನಡುವೆ, ಅಂದರೆ ಮೊದಲ ಅಳತೆಗೂ ಕಲ್ಲು ನೆಡುವುದಕ್ಕೂ ನಡುವೆ, ಯಾವ ಆವೃತ್ತಿಯನ್ನೂ ಮುಟ್ಟುವುದಿಲ್ಲ. ಪ್ರತಿ ಅಳತೆಯ ಕಡತದ ಹೆಸರಿನೊಂದಿಗೆ ಆಗಿನ ಆವೃತ್ತಿಯ ಸಂಖ್ಯೆಯನ್ನೂ ಬರೆಯುತ್ತೇನೆ. ನಮ್ಮಲ್ಲಿ ಶೇಂಗಾ ಬಿತ್ತನೆಯಾಗುವುದು ಜೂನ್, ಜುಲೈನಲ್ಲಿ. ಪೈರು ನಿಂತ ಹೊಲವನ್ನು ತುಳಿಯಲು ಯಾರೂ ಒಪ್ಪುವುದಿಲ್ಲ, ಹಾಗಾಗಿ ಆ ತಿಂಗಳುಗಳೇ ಹೊಸ ಆವೃತ್ತಿ ಹಾಕಿ ನಿಧಾನವಾಗಿ ಪರೀಕ್ಷಿಸುವ ಕಾಲ. ಪೈರು ಕಿತ್ತ ಮೇಲೆ ಬೇಸಿಗೆ ಮುಗಿಯುವವರೆಗೆ ಪೋಡಿ (ಸರ್ವೆ ನಂಬರನ್ನು ಭಾಗ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), ಪಾಲಿನ ಅಳತೆಗಳು ಒಂದರ ಹಿಂದೆ ಒಂದು ಬರುತ್ತವೆ, ಆಗ ಕಂಟ್ರೋಲರ್ ಇದ್ದಂತೆಯೇ ಇರಬೇಕು.

ತಂತ್ರಾಂಶ ತಯಾರಿಸುವವರಲ್ಲಿ ತಮಗೆ ಪರಿಚಯದವರಿದ್ದರೆ ನನ್ನ ಒಂದೇ ಕೋರಿಕೆಯನ್ನು ಮುಟ್ಟಿಸಿ. ಆವೃತ್ತಿ ಬದಲಾದಾಗ ಮಾನ, ವಲಯ, ಕಂಬದ ಎತ್ತರ, ನೆಲದ ಉದ್ದ ಇವುಗಳಲ್ಲಿ ಯಾವುದಾದರೂ ಹಳೆಯದರಿಂದ ಬೇರೆಯಾಗಿದ್ದರೆ, ಹಳೆಯದು ಇಷ್ಟಿತ್ತು, ಈಗ ಇಷ್ಟಾಗಿದೆ ಎಂದು ಮೊದಲ ಪರದೆಯಲ್ಲಿಯೇ ತೋರಿಸಿ, ನಾವು ಒಪ್ಪಿದ ಮೇಲೆಯೇ ಮುಂದೆ ಬಿಡಲಿ. ನೂರು ಹೊಸ ಸೌಲಭ್ಯಗಳ ಪಟ್ಟಿಗಿಂತ ಆ ನಾಲ್ಕು ಸಾಲು ನಮಗೆ ಹೆಚ್ಚು ಬೇಕಾಗಿವೆ.

ಈಗಲೂ ನನ್ನ ಪರದೆಯ ಮೇಲೆ ಮೂರು ದಿನದಿಂದ ಒಂದು ಸೂಚನೆ ನಿಂತಿದೆ. ಗಡಿಯ ಹತ್ತಿರದ ಎರಡು ಪೋಡಿ ಕೆಲಸಗಳಲ್ಲಿ ಕಲ್ಲು ನೆಡುವುದು ಬಾಕಿ ಇದೆ. ಅವು ಮುಗಿದ ಮೇಲಿನ ಭಾನುವಾರ ಅದನ್ನು ಹಾಕಿಕೊಂಡು ಮೊದಲ ಕಲ್ಲಿನ ಹತ್ತಿರ ಹೋಗುತ್ತೇನೆ. ತಾವು ಬರುವುದಾದರೆ ಬೆಳಿಗ್ಗೆ ಆರೂವರೆಗೆ ಬಸ್ ನಿಲ್ದಾಣದ ಹತ್ತಿರ ಸಿಗಿ. ಬಿಸಿಲೇರುವ ಮುಂಚೆ ಎರಡೂ ಕಲ್ಲುಗಳನ್ನು ನೋಡಿ ಬರಬಹುದು.